ಸಮುದ್ರ ದಾಟಿ ಬಂದವರ ಶುದ್ಧಿ

1891ರ ಮಳೆಗಾಲದಲ್ಲಿ ಮೋಹನದಾಸ ಗಾಂಧಿ ಬ್ಯಾರಿಸ್ಟರಾಗಿ ಲಂಡನ್ನಿನಿಂದ ಮುಂಬೈಗೆ ಬಂದಿಳಿದರು. ಅಣ್ಣ ಅವರನ್ನು ರಾಜಕೋಟೆಗೆ ಕರೆದೊಯ್ಯುವ ಮೊದಲು ನಾಸಿಕಕ್ಕೆ ಕರೆದುಕೊಂಡು ಹೋಗಿ ಗೋದಾವರಿಯಲ್ಲಿ ಮುಳುಗಿಸಿ ಎಬ್ಬಿಸಿದರು. ಊರು ಮುಟ್ಟಿದ ಮೇಲೆ ಜಾತಿಯವರಿಗೆ ಊಟ ಹಾಕಿಸಿದರು. ಮೂರು ವರ್ಷದ ಹಿಂದೆ, ಹಡಗು ಹತ್ತುವ ಮೊದಲೇ, ಮುಂಬೈಯಲ್ಲಿದ್ದ ಮೋಢ ಬನಿಯಾ ಮುಖಂಡರು ಅವರನ್ನು ಜಾತಿಯಿಂದ ಹೊರಗೆ ಹಾಕಿದ್ದರು. ಸ್ನಾನ, ಊಟ ಎರಡೂ ಮುಗಿದ ಮೇಲೂ ಒಂದು ಬಣ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಹೀಗಾಗಿ ಅತ್ತೆ ಮಾವನ ಮನೆಯಲ್ಲಾಗಲಿ ಅಕ್ಕ ಭಾವನ ಮನೆಯಲ್ಲಾಗಲಿ ಅವರು ನೀರು ಕುಡಿಯುವಂತಿರಲಿಲ್ಲ. ಗುಟ್ಟಾಗಿ ಕೊಡಲು ಆ ಮನೆಯವರೇನೋ ಸಿದ್ಧರಿದ್ದರು. ನಾಲ್ಕು ಜನರ ಎದುರು ಮಾಡಲಾಗದ್ದನ್ನು ಬಾಗಿಲು ಹಾಕಿಕೊಂಡು ಮಾಡುವುದು ತನಗೆ ಒಗ್ಗದು ಎಂದು ಗಾಂಧಿಯೇ ಕುಡಿಯಲಿಲ್ಲ. ಇದೆಲ್ಲ ಅವರ ಆತ್ಮಕಥೆಯಲ್ಲಿದೆ. ಅದರ ಹತ್ತಿರದಲ್ಲೇ ಇನ್ನೊಂದು ತಮಾಷೆಯ ಸಂಗತಿಯೂ ಇದೆ. ಹೊಸ ಬ್ಯಾರಿಸ್ಟರು ಮನೆಯವರಿಗೆ ಓಟ್ಸ್ ಗಂಜಿ, ಕೋಕೋ, ಬೂಟುಗಳನ್ನು ಅಭ್ಯಾಸ ಮಾಡಿಸಲು ಹೊರಟು ಖರ್ಚನ್ನು ಏರಿಸಿದ್ದರಂತೆ. ಒಂದು ಕಡೆ ಊರು ಇವರನ್ನು ತೊಳೆಯುತ್ತಿತ್ತು, ಇನ್ನೊಂದು ಕಡೆ ಇವರು ಊರನ್ನು ತಿದ್ದುತ್ತಿದ್ದರು.

ಹಳೆಯ ಕಾಲದ ಮಾತು ಎನ್ನುವ ಹಾಗಿಲ್ಲ. 2008ರ ಜನವರಿಯಲ್ಲಿ ಉಡುಪಿಯ ಪರ್ಯಾಯ ಪುತ್ತಿಗೆ ಮಠದ ಸರದಿಗೆ ಬಂದಾಗ, ವಿದೇಶ ಪ್ರವಾಸ ಮಾಡಿಬಂದ ಸುಗುಣೇಂದ್ರ ತೀರ್ಥರು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಎದ್ದದ್ದು ಓದುಗರಿಗೆ ನೆನಪಿರಬಹುದು. ಅಷ್ಟಮಠಗಳ ಇತರ ಯತಿಗಳಿಂದ ಆಕ್ಷೇಪ ಬಂತು. ಆದರೂ ಸುಗುಣೇಂದ್ರ ತೀರ್ಥರು ಪೀಠವೇರಿದರು. ಹದಿನಾರು ವರ್ಷದ ಸುತ್ತು ಮುಗಿದು 2024ರ ಜನವರಿಯಲ್ಲಿ ಮತ್ತೊಮ್ಮೆ ಏರಿದರು.

ಬೌಧಾಯನ ಧರ್ಮಸೂತ್ರವು ಪಾತಿತ್ಯ ತರುವ ಕೆಲಸಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಸೇರಿಸಿದೆ. ಅದೇ ಗ್ರಂಥ ಬೇರೊಂದು ಕಡೆ ಉತ್ತರದವರ ರೂಢಿಗಳನ್ನು ಹೇಳುವಾಗ ಇದನ್ನೂ ಎಣಿಸುತ್ತದೆ. ಅಂದರೆ ನಿಷೇಧ ಬರೆಯುವ ಹೊತ್ತಿಗೆ ಜನ ಹಡಗು ಹತ್ತಿಯಾಗಿತ್ತು. ನಮ್ಮ ಕರಾವಳಿಯನ್ನೇ ನೋಡಿ. ಬಸರೂರು, ಬಾರಕೂರು, ಮಂಗಳೂರುಗಳ ಅಕ್ಕಿ ಮೆಣಸು ಶತಮಾನಗಳ ಕಾಲ ಅರಬ್ಬೀ ಸಮುದ್ರ ದಾಟಿವೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಆಳು ಬೊಮ್ಮ ಧಣಿಯ ವ್ಯಾಪಾರಕ್ಕಾಗಿ ಏಡನ್ನಿಗೆ ಹೋಗಿದ್ದು ಕೈರೋದ ಯಹೂದಿ ಪ್ರಾರ್ಥನಾಮಂದಿರದ ಉಗ್ರಾಣವಾದ ಗೆನೀಜಾದಲ್ಲಿ ಸಿಕ್ಕ ಕಾಗದಗಳಿಂದ ತಿಳಿಯಿತು. ಅಮಿತಾವ್ ಘೋಷ್ ಒಂದು ಇಡೀ ಪುಸ್ತಕದಲ್ಲಿ ಆ ಬೊಮ್ಮನನ್ನು ಹುಡುಕಿಕೊಂಡು ಅಲೆದಿದ್ದಾರೆ. ಬೊಮ್ಮನಿಗೆ ಯಾರೂ ಪ್ರಾಯಶ್ಚಿತ್ತ ಮಾಡಿಸಿರಲಾರರು. ಕಡಲು ಮೈಲಿಗೆಯಾಗುತ್ತಿದ್ದದ್ದು ಕಳೆದುಕೊಳ್ಳಲು ಮೇಲುಜಾತಿ ಇದ್ದವರಿಗೆ ಮಾತ್ರ.

ಈಗ ದೇವನಹಳ್ಳಿಯಲ್ಲಿ ವಿಮಾನ ಇಳಿದವರಿಗೆ ಯಾರೂ ಪಂಚಗವ್ಯ ಕುಡಿಸುವುದಿಲ್ಲ. ಆದರೆ ಪರೀಕ್ಷೆ ಉಳಿದುಕೊಂಡಿದೆ. ಕೈಯಲ್ಲಿ ಕಲಸಿ ಉಣ್ಣುತ್ತಾನೋ ಚಮಚ ಕೇಳುತ್ತಾನೋ, ನಲ್ಲಿ ನೀರಿಗೆ ಮುಖ ಸಿಂಡರಿಸುತ್ತಾಳೋ, ಅಮ್ಮನಿಗೆ ಥ್ಯಾಂಕ್ಸ್ ಹೇಳುತ್ತಾಳೋ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಎಷ್ಟನೇ ನಿಮಿಷಕ್ಕೆ ‘ಅಲ್ಲಿ ಹೀಗಿರಲ್ಲ’ ಅನ್ನುತ್ತಾನೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪಾಸಾದವರಿಗೆ ನೆಂಟರು ಕೊಡುವ ಸರ್ಟಿಫಿಕೇಟು ಒಂದೇ: ‘ಏನೂ ಬದಲಾಗಿಲ್ಲ ನೋಡು, ಹಂಗೇ ಇದಾನೆ.’ ಎರಡು ಮೂರು ವರ್ಷ ಬೇರೆ ದೇಶದಲ್ಲಿ ಓದಿ, ದುಡಿದು, ಒಬ್ಬನೇ ಅಡುಗೆ ಮಾಡಿಕೊಂಡು, ಹತ್ತು ದೇಶದವರ ಜೊತೆ ವಾದ ಮಾಡಿ ಬಂದವನಿಗೆ ಏನೂ ಆಗಿಲ್ಲ ಎನ್ನುವುದು ಹೊಗಳಿಕೆ! ಲಕ್ಷಗಟ್ಟಲೆ ಸಾಲ ಮಾಡಿ ಕಳಿಸಿದ್ದು ಮತ್ತೆ ಯಾತಕ್ಕೆ?

ಹೆಣ್ಣುಮಕ್ಕಳಿಗೆ ಪ್ರಶ್ನೆಪತ್ರಿಕೆ ಇನ್ನೂ ಉದ್ದ. ರಾತ್ರಿ ಹತ್ತಕ್ಕೆ ಗ್ರಂಥಾಲಯದಿಂದ ಒಬ್ಬಳೇ ನಡೆದು ಬರುತ್ತಿದ್ದವಳು ಇಲ್ಲಿ ಏಳೂವರೆಗೆ ಎಲ್ಲಿದ್ದೀಯ ಎಂಬ ಫೋನಿಗೆ ಉತ್ತರ ಕೊಡಬೇಕು. ಓದಿ ಬಂದ ಗಂಡು ಸಂಬಂಧದ ಮಾತುಕತೆಯಲ್ಲಿ ಬೆಲೆ ಏರಿಸಿಕೊಳ್ಳುತ್ತಾನೆ, ಓದಿ ಬಂದ ಹೆಣ್ಣಿನ ಬಗ್ಗೆ ‘ಹೊಂದಿಕೊಳ್ತಾಳಾ’ ಎಂದು ಕೇಳುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದರು, ಅಲ್ಲಿಂದ ಅಮೆರಿಕಕ್ಕೆ ಹೋದರು, 1889ರಲ್ಲಿ ಮರಳಿ ಬಂದು ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಕಲ್ಕತ್ತೆಯಲ್ಲಿ ‘ಸರಸ್ವತಿ’ ಎಂದು ಬಿರುದು ಪಡೆದಿದ್ದ ಅದೇ ಹೆಂಗಸು. ಸದನದ ಹುಡುಗಿಯರು ಮತಾಂತರವಾಗುತ್ತಿದ್ದಾರೆ ಎಂಬ ಗುಲ್ಲೆದ್ದಾಗ ಬೆನ್ನಿಗಿದ್ದ ಸುಧಾರಕರೂ ಕೈಬಿಟ್ಟರು. ರಮಾಬಾಯಿಗೆ ಯಾವ ಗೋದಾವರಿಯೂ ಇರಲಿಲ್ಲ.

ಮರಳಿ ಬಂದವರ ಕಸಿವಿಸಿಯನ್ನು ಸಮಾಜವಿಜ್ಞಾನ ಬಹಳ ಹಿಂದೆಯೇ ಗಮನಿಸಿದೆ. ಅಮೆರಿಕಕ್ಕೆ ಹೋದ ನಾರ್ವೆಯ ಫುಲ್‌ಬ್ರೈಟ್ ವಿದ್ವಾಂಸರನ್ನು ಅಭ್ಯಾಸ ಮಾಡಿ ಸ್ವೆರೆ ಲಿಸ್‌ಗಾರ್ಡ್ 1955ರಲ್ಲಿ ಹೇಳಿದ್ದು: ಪರದೇಶದಲ್ಲಿ ಮೊದಲು ಉತ್ಸಾಹ, ಆಮೇಲೆ ಕುಸಿತ, ಆಮೇಲೆ ಚೇತರಿಕೆ. ಗುಲ್ಲಾಹಾರ್ನ್ ದಂಪತಿ 1963ರಲ್ಲಿ ಇದನ್ನು ಮುಂದುವರಿಸಿ, ಊರಿಗೆ ಬಂದ ಮೇಲೆ ಇನ್ನೊಂದು ಕುಸಿತ, ಇನ್ನೊಂದು ಚೇತರಿಕೆ ಇದೆ ಎಂದರು. ವಿಶ್ವವಿದ್ಯಾಲಯಗಳು ಹೊರಡುವ ವಿದ್ಯಾರ್ಥಿಗಳಿಗೆ ಇಂದಿಗೂ ಈ ಏರಿಳಿತದ ರೇಖೆಯನ್ನೇ ತೋರಿಸುತ್ತವೆ. ನನಗೆ ಈ ರೇಖೆಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ಕುಸಿತವೆಂದರೆ ಕಾಯಿಲೆ, ಚೇತರಿಕೆಯೆಂದರೆ ಮೊದಲಿನಂತಾಗುವುದು ಎಂದು ಅವು ಹೇಳದೆಯೇ ಹೇಳುತ್ತವೆ. ನೆಂಟರ ಸರ್ಟಿಫಿಕೇಟನ್ನೇ ಗ್ರಾಫಿನಲ್ಲಿ ಬರೆದಂತಾಯಿತು.

ಇನ್ನೂ ಸೂಕ್ಷ್ಮವಾಗಿ ಕಂಡವರು ಆಲ್ಫ್ರೆಡ್ ಶುಟ್ಸ್. ವಿಯೆನ್ನಾದಿಂದ ನಾಜಿಗಳ ಕಾಲಕ್ಕೆ ಓಡಿ ನ್ಯೂಯಾರ್ಕ್ ಸೇರಿದ ಈ ಚಿಂತಕ, ಯುದ್ಧದಿಂದ ಸೈನಿಕರು ಮರಳುತ್ತಿದ್ದ 1945ರಲ್ಲಿ, ಮನೆಗೆ ಬರುವವನ ಬಗ್ಗೆ ಒಂದು ಪ್ರಬಂಧ ಬರೆದರು. ಅದು ಶುರುವಾಗುವುದು ನಿದ್ದೆಯಲ್ಲಿದ್ದ ಒಡಿಸ್ಸಿಯಸ್‌ನನ್ನು ನಾವಿಕರು ಇಥಾಕಾದ ದಡದಲ್ಲಿ ಇಳಿಸಿ ಹೋಗುವಲ್ಲಿಂದ. ಎಚ್ಚರವಾದಾಗ ಅವನಿಗೆ ತನ್ನ ಊರೇ ಗುರುತು ಸಿಗುವುದಿಲ್ಲ. ಶುಟ್ಸ್ ಹೇಳುವುದು ಇಷ್ಟು: ಪರಕೀಯನಾಗಿ ಬಂದವನು ಇಲ್ಲಿ ಎಲ್ಲವೂ ಹೊಸದು ಎಂದು ಸಿದ್ಧನಾಗಿ ಬರುತ್ತಾನೆ. ಮರಳಿ ಬಂದವನು ಎಲ್ಲ ತನಗೆ ಗೊತ್ತು ಎಂದುಕೊಂಡು ಬರುತ್ತಾನೆ, ಎಡವುವುದು ಅದಕ್ಕೇ. ಮನೆಯೆಂದರೆ ನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಒಬ್ಬರಿಗೊಬ್ಬರು ಜೊತೆಯಾಗಿರುವುದು. ಆ ಜೊತೆ ಕಡಿದ ಮೇಲೆ ಎರಡೂ ಕಡೆಯವರು ಬೇರೆ ಬೇರೆಯಾಗಿ ಬೆಳೆದಿರುತ್ತಾರೆ. ವಾಟ್ಸ್ಆ್ಯಪ್ ವಿಡಿಯೋ ಕಾಲ್ ಇದನ್ನು ಬದಲಿಸಿದೆಯೇ? ಅರ್ಧ ಮಾತ್ರ. ಕಾಲ್‌ನಲ್ಲಿ ಹಬ್ಬ ಕಾಣುತ್ತದೆ. ಅಪ್ಪನ ಮಂಡಿನೋವು, ಅಣ್ಣ ತಮ್ಮಂದಿರ ಜಾಗದ ತಕರಾರು, ಮನೆಯ ಬಿಗುಮಾನಗಳು ಕಾಣುವುದಿಲ್ಲ. ಆ ಕಡೆಯಿಂದಲೂ ಅಷ್ಟೇ, ಹಿಮದ ಫೋಟೋ ಬರುತ್ತದೆ, ಬಾಡಿಗೆ ಕಟ್ಟಲಾಗದ ತಿಂಗಳು ಬರುವುದಿಲ್ಲ.

ಬರುವ ಕಾರಣಗಳೂ ಒಂದೇ ಅಲ್ಲ. ವಿದೇಶಗಳಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 13 ಲಕ್ಷ ದಾಟಿದೆ ಎಂದು 2024ರಲ್ಲಿ ಕೇಂದ್ರ ಸರ್ಕಾರ ತಿಳಿಸಿತ್ತು. ಅಮೆರಿಕದಲ್ಲಿ ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಪದವಿಯ ನಂತರ 12 ತಿಂಗಳು, ಅದರ ಮೇಲೆ 24 ತಿಂಗಳು ಕೆಲಸ ಮಾಡುವ ಅವಕಾಶ. ಅಷ್ಟರೊಳಗೆ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಬೇಕು. ಬಾರದಿದ್ದವರು ಪೆಟ್ಟಿಗೆ ಕಟ್ಟಬೇಕು, ಕೈಯಲ್ಲಿ ಎಜುಕೇಶನ್ ಲೋನಿನ ಕಂತು, ಸಂಬಳ ರೂಪಾಯಿಯಲ್ಲಿ. ಹೀಗೆ ಬಂದವರಿಗೂ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ತಾವಾಗಿಯೇ ಬಂದವರಿಗೂ ಪತ್ರಿಕೆಗಳು ‘ಮರಳಿ ಮಣ್ಣಿಗೆ’ ಎಂಬ ಒಂದೇ ತಲೆಬರಹ ಕೊಡುತ್ತವೆ. ಮೊದಲನೆಯವರ ಎದೆಯಲ್ಲಿ ಊರಿನ ಮೇಲಿನ ಪ್ರೀತಿಗಿಂತ ಸೋಲಿನ ನಾಚಿಕೆ ಹೆಚ್ಚಿರುತ್ತದೆ. ಸಂಸ್ಕೃತಿ, ಬೇರು ಎಂಬ ದೊಡ್ಡ ಮಾತುಗಳು ಕೆಲವೊಮ್ಮೆ ಆ ನಾಚಿಕೆಗೆ ಹೊದಿಸಿದ ಶಾಲು.

ಕಸಿವಿಸಿಯನ್ನು ತೊಳೆದುಕೊಳ್ಳದೆ ಬಳಸಿಕೊಂಡವರೂ ಇದ್ದಾರೆ. ಹೊಸಗನ್ನಡದ ಒಂದು ದೊಡ್ಡ ಪಾಲು ಅಂಥವರಿಂದಲೇ ಬಂದದ್ದು. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿದರು, ಅಲ್ಲಿಯ ನಾಟಕಶಾಲೆಗಳನ್ನು ಅದಕ್ಕಿಂತ ಶ್ರದ್ಧೆಯಿಂದ ಓದಿದರು, 1915ರಲ್ಲಿ ಬಂದರು. ಮನೆಮಾತು ತಮಿಳು. ಬಂದವರು ಕನ್ನಡದಲ್ಲಿ ಬರೆದದ್ದು ಬೆಂಗಳೂರು ಮೈಸೂರಿನ ಮಧ್ಯಮವರ್ಗದ ಹಜಾರ, ಅಡುಗೆಮನೆ, ಪಾಸಾಗದ ಹುಡುಗರು, ಇಂಗ್ಲಿಷ್ ಬೆರೆತ ಆ ಮನೆಗಳ ಮಾತು. ಇಂಗ್ಲಿಷಿನಲ್ಲಿ ಬರೆದದ್ದು ಕರ್ಣ, ಏಕಲವ್ಯ! ಪುರಾಣಕ್ಕೆ ಪರಭಾಷೆ, ಮನೆಗೆ ಕನ್ನಡ. ನಿರೀಕ್ಷೆಗೆ ತಿರುಗುಮುರುಗಾದ ಈ ಹಂಚಿಕೆ ದೂರ ಹೋಗಿ ಬಂದವನಿಗೆ ಮಾತ್ರ ಹೊಳೆಯಬಹುದಾದದ್ದು. ಕನ್ನಡವನ್ನು ಕೆಡಿಸಿದ ಎಂದು ಗೊಣಗಿದ ಪಂಡಿತರಿದ್ದರು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಇದೇ ಕೈಲಾಸಂ.

ವಿ.ಕೃ. ಗೋಕಾಕರದು ಬೇರೆ ದಾರಿ. ಆಕ್ಸ್‌ಫರ್ಡಿನಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲ ದರ್ಜೆ ಹೊತ್ತು 1938ರಲ್ಲಿ ಬಂದರು. ಹಡಗಿನ ದಾರಿಯಲ್ಲಿ ಕಂಡ ಕಡಲು ಕನ್ನಡ ಕಾವ್ಯಕ್ಕೆ ಹೊಸ ಲಯವಾಗಿ ಬಂತು. ನಾಲ್ಕು ದಶಕ ಕಳೆದ ಮೇಲೆ, ಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂಬ 1981ರ ವರದಿಗೆ ಸಹಿ ಬಿದ್ದದ್ದೂ ಈ ಇಂಗ್ಲಿಷ್ ಪ್ರಾಧ್ಯಾಪಕರದೇ. ರಾಜ್‌ಕುಮಾರ್ ಬೀದಿಗಿಳಿದ ಚಳವಳಿಗೆ ಹೆಸರು ಕೊಟ್ಟವರು ಆಕ್ಸ್‌ಫರ್ಡಿನವರು.

ನನಗೆ ಇವರೆಲ್ಲರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವವರು ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಅಯ್ಯಂಗಾರ್ ಮನೆತನದ ಹುಡುಗ, 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ರ‍್ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಅವರ ಕೈಯಲ್ಲಿ ಪಳಗಿದರು. ಮಾನವಶಾಸ್ತ್ರಜ್ಞ ದೂರದ ಜನರನ್ನು ಅಭ್ಯಾಸ ಮಾಡಬೇಕು, ತನ್ನವರನ್ನಲ್ಲ ಎಂಬುದು ಆ ಕಾಲದ ಶಾಸ್ತ್ರದ ಧೋರಣೆ. ಶ್ರೀನಿವಾಸ್ 1948ರಲ್ಲಿ ಬಂದು ಕೂತದ್ದು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ. ಪುಸ್ತಕದಲ್ಲಿ ಅದಕ್ಕೆ ರಾಮಪುರ ಎಂದು ಹೆಸರು ಬದಲಿಸಿದ್ದಾರೆ. ಅವರು ಸಂಶೋಧಕರಾಗಿ ಹೋದರು, ಊರಿನವರು ಬರಮಾಡಿಕೊಂಡದ್ದು ಬ್ರಾಹ್ಮಣನನ್ನು. ಬ್ರಾಹ್ಮಣನೆಂದ ಮೇಲೆ ಹೀಗಿರಬೇಕು, ಹಾಗಿರಬಾರದು ಎಂದು ತಿದ್ದಿದವರು ಊರಿನ ಒಕ್ಕಲಿಗರೇ. ಪಟ್ಟಣದಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಸಡಿಲವಾಗಿದ್ದ ಜಾತಿ ಹಳ್ಳಿಯ ಬೀದಿಯಲ್ಲಿ ಮತ್ತೆ ಮೈಗಂಟಿತು. ತನ್ನ ಗುರುತು ತನ್ನೊಳಗೆ ಎಷ್ಟಿದೆ, ಎದುರಿಗಿದ್ದವರ ಕಣ್ಣಲ್ಲಿ ಎಷ್ಟಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು.

ಮುಂದಿನ ಕತೆ ಪ್ರಸಿದ್ಧ. 1970ರ ಏಪ್ರಿಲ್‌ನಲ್ಲಿ ಅವರು ಸ್ಟ್ಯಾನ್‌ಫರ್ಡಿನ ಸಂಶೋಧನಾ ಕೇಂದ್ರದಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ಆ ಹಳ್ಳಿಯ ಟಿಪ್ಪಣಿಗಳನ್ನು ಸಂಸ್ಕರಿಸಿ ಸಿದ್ಧಪಡಿಸಿದ್ದ ಪ್ರತಿಗಳೆಲ್ಲ ಸುಟ್ಟುಹೋದವು. ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಅವರ ಕಣ್ಣೂ ಪೂರ್ತಿ ಪಾರದರ್ಶಕವಾಗಿರಲಿಲ್ಲ ಅನ್ನಿ. ಕೆಳಜಾತಿಗಳು ಮೇಲುಜಾತಿಯ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುತ್ತವೆ ಎಂಬ ಅವರ ಸಂಸ್ಕೃತೀಕರಣ ಸಿದ್ಧಾಂತವೇ ಬ್ರಾಹ್ಮಣ ಜಗಲಿಯಿಂದ ಕಂಡ ನೋಟ ಎಂದು ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ ಚುಚ್ಚಿದ್ದರು. ಆ ಮಾತಿನಲ್ಲಿ ಹುರುಳಿದೆ. ಆದರೆ ಜಗಲಿಯ ಮೇಲೇ ಹುಟ್ಟಿ, ಅಲ್ಲೇ ಕೂತು, ಇದು ಜಗಲಿ ಎಂದು ಎಂದೂ ಅರಿಯದವರಿಗಿಂತ ಶ್ರೀನಿವಾಸ್ ಬಹಳ ದೂರ ಬಂದಿದ್ದರು.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದು ಕನ್ನಡಿಗರಿಗೆ ಹಳೆಯ ಸುದ್ದಿ. ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಚಿತ್ರವನ್ನು ಗುರು ಮಾಲ್ಕಮ್ ಬ್ರ್ಯಾಡ್‌ಬರಿ ಜೊತೆ ನೋಡಿ ಬಂದ ಮೇಲೆ ನಡೆದ ಮಾತುಕತೆಯನ್ನು ಅವರು ಅನೇಕ ಸಲ ನೆನಪಿಸಿಕೊಂಡಿದ್ದಾರೆ. ಯುರೋಪಿನವನಿಗೆ ತನ್ನ ಮಧ್ಯಯುಗ ಓದಿನಿಂದ ಮಾತ್ರ ಸಿಗುತ್ತದೆ, ತನಗೆ ಅದು ಮನೆಯಲ್ಲೇ ಇದೆ ಎಂಬ ಅರಿವು ಆಗ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಅಗ್ರಹಾರದಲ್ಲಿ ಅದು ಬರೀ ದಿನಚರಿ. ಸಾವಿರಾರು ಮೈಲಿ ಆಚೆಯಿಂದ ಅದು ಕಾದಂಬರಿಯಾಯಿತು. 1965ರಲ್ಲಿ ಪ್ರಕಟವಾದ ಕೃತಿಯನ್ನು ಕೆಲವರು ಮನೆಗೆ ಮಾಡಿದ ದ್ರೋಹವೆಂದೇ ಓದಿದರು. ಗಿರೀಶ ಕಾರ್ನಾಡರದ್ದಾದರೆ ಹೊರಡುವ ಮೊದಲೇ ಶುರು. ಮಗ ಆಕ್ಸ್‌ಫರ್ಡಿಗೆ ಹೋದರೆ ಮರಳಿ ಬರುತ್ತಾನೋ ಇಲ್ಲವೋ, ಬಿಳಿ ಹುಡುಗಿಯನ್ನು ಮದುವೆಯಾದರೆ ಏನು ಗತಿ ಎಂದು ಮನೆಯಲ್ಲಿ ರಂಪವಾಗುತ್ತಿದ್ದ ದಿನಗಳಲ್ಲೇ ‘ಯಯಾತಿ’ ಬರೆದರು. ಇಂಗ್ಲಿಷ್ ಕವಿಯಾಗಬೇಕೆಂದಿದ್ದವರ ಕೈಯಿಂದ ಬಂದದ್ದು ಕನ್ನಡ ನಾಟಕ, ಅದೂ ಅಪ್ಪನಿಗಾಗಿ ಯೌವನ ಬಿಟ್ಟುಕೊಡುವ ಮಗನ ಕತೆ.

ಇವರಲ್ಲಿ ಯಾರೂ ‘ಹಂಗೇ ಇದಾನೆ’ ಎಂಬ ಸರ್ಟಿಫಿಕೇಟಿಗೆ ಅರ್ಹರಲ್ಲ. ಹೊರಗಿನಿಂದ ತಂದದ್ದನ್ನು ಊರಿನ ಮೇಲೆ ಹೇರಿದವರೂ ಅಲ್ಲ. ಇಂದು ಮರಳಿ ಬಂದವರಿಗೆ ಸುಲಭವಾಗಿ ಸಿಗುವುದು ಎರಡೇ ದಾರಿ. ಒಂದು, ವೈಟ್‌ಫೀಲ್ಡಿನ ಕಾಂಪೌಂಡಿನೊಳಗೆ ಕ್ಯಾಲಿಫೋರ್ನಿಯಾದ ಹುಲ್ಲುಹಾಸನ್ನೇ ಬೆಳೆಸಿ, ಮಕ್ಕಳನ್ನು ಅಂತರರಾಷ್ಟ್ರೀಯ ಶಾಲೆಗೆ ಹಾಕಿ, ಬೆಂಗಳೂರಿಗೆ ಬಂದೂ ಬಾರದಂತೆ ಇರುವುದು. ಇನ್ನೊಂದು, ದುಪ್ಪಟ್ಟು ಸಂಪ್ರದಾಯಸ್ಥರಾಗುವುದು. ಎರಡನೆಯದು ಈಚೆಗೆ ಹೆಚ್ಚುತ್ತಿದೆ, ಅದಕ್ಕೆ ಕಾರಣವೂ ಇದೆ. ಅಲ್ಲಿ ಪ್ರತಿದಿನ ‘ನೀನು ಎಲ್ಲಿಯವನು’ ಎಂದು ಕೇಳಿಸಿಕೊಂಡವನು ಉತ್ತರವೊಂದನ್ನು ಅಚ್ಚುಕಟ್ಟಾಗಿ ಕಟ್ಟಿಕೊಂಡಿರುತ್ತಾನೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಕೋಸಂಬರಿ, ಕೋಲಾಟ, ಎಲ್ಲ ಜಿಲ್ಲೆಗಳ ಕನ್ನಡ ಒಂದೇ ಮೇಳದಲ್ಲಿ ಕೂಡುತ್ತವೆ. ನನಗೆ ಆ ಕೂಟಗಳ ಬಗ್ಗೆ ಗೌರವವಿದೆ, ಭಾನುವಾರದ ಕನ್ನಡ ತರಗತಿ ನಡೆಸುವ ತಾಯಂದಿರ ಬಗ್ಗೆ ಇನ್ನೂ ಹೆಚ್ಚು. ಆದರೆ ಆ ಅಚ್ಚುಕಟ್ಟಿನ ಉತ್ತರ ಹಿಡಿದು ಜಯನಗರಕ್ಕೆ ಬಂದರೆ, ಅಲ್ಲಿ ತಂಗಿಯ ಮಕ್ಕಳು ಹಿಂದಿ ವೆಬ್ ಸರಣಿ ನೋಡುತ್ತ ಇಂಗ್ಲಿಷಿನಲ್ಲಿ ಜಗಳವಾಡುತ್ತಿರುತ್ತಾರೆ. ಸಿಟ್ಟು ಬರುತ್ತದೆ. ಊರು ತನಗೆ ಮೋಸ ಮಾಡಿತು ಎನಿಸುತ್ತದೆ. ಊರು ಮಾಡಿದ್ದು ಇಷ್ಟೇ, ಇವನಿಗಾಗಿ ಕಾಯದೆ ಬದುಕಿದ್ದು.

ಇಷ್ಟರವರೆಗೆ ಹೇಳಿದ್ದರಲ್ಲಿ ಒಂದು ನಂಬಿಕೆ ಅಡಗಿದೆ: ಮನೆಯೆಂದರೆ ಮರಳಲು ಯೋಗ್ಯವಾದ ಜಾಗ ಎಂಬುದು. ಎಲ್ಲರಿಗೂ ಅದು ನಿಜವಲ್ಲ. 1917ರಲ್ಲಿ ಭೀಮರಾವ್ ಅಂಬೇಡ್ಕರ್ ಕೊಲಂಬಿಯಾ ಮತ್ತು ಲಂಡನ್‌ಗಳಲ್ಲಿ ಓದಿ ಬಡೋದೆಗೆ ಬಂದರು. ಮಹಾರಾಜ ಸಯಾಜಿರಾವ್ ಕೊಟ್ಟ ವಿದ್ಯಾರ್ಥಿವೇತನದ ಷರತ್ತಿನಂತೆ ಸಂಸ್ಥಾನದ ನೌಕರಿ ಮಾಡಬೇಕಿತ್ತು. ಅಮೆರಿಕ, ಯುರೋಪುಗಳ ವಾಸದಲ್ಲಿ ತಾನು ಅಸ್ಪೃಶ್ಯ ಎಂಬ ಪ್ರಜ್ಞೆಯೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದು ಅವರೇ ಬರೆದಿದ್ದಾರೆ. ಬಡೋದೆ ನಿಲ್ದಾಣದಲ್ಲಿ ಇಳಿದಾಗ, ಎಲ್ಲಿ ಉಳಿದುಕೊಳ್ಳಲಿ ಎಂಬ ಪ್ರಶ್ನೆಯ ಜೊತೆ ಅದು ಮರಳಿ ಬಂತು. ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಹಾಳು ಸಾಮಾನು ತುಂಬಿದ ಮಹಡಿಯ ಮೇಲೆ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕಿತು. ಸಹಾಯಕ್ಕಾಗಿ ಇಬ್ಬರು ಸ್ನೇಹಿತರ ಮನೆಗೆ ಹೋದರೆ ಇಬ್ಬರೂ ನೆಪ ಹೇಳಿ ಜಾರಿಕೊಂಡರು. ರಾತ್ರಿಯ ರೈಲಿಗೆ ಕಾಯುತ್ತ ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತರು.

ಗಾಂಧಿಗೆ ಮರಳುವಿಕೆ ಎಂದರೆ ಕಳೆದುಹೋದ ಜಾತಿಯನ್ನು ಮತ್ತೆ ಪಡೆಯುವ ವಿಧಿ. ಅಂಬೇಡ್ಕರರಿಗೆ ಮರಳುವಿಕೆ ಎಂದರೆ ಕಳೆದುಹೋಗಿದ್ದ ಜಾತಿ ಕೋಲು ಹಿಡಿದು ಬಂದದ್ದು. ಸಾಂಸ್ಕೃತಿಕ ಅಸ್ಮಿತೆ ಎಂದು ನಾವು ಸವಿಯಾಗಿ ಮಾತಾಡುವಾಗ ಈ ಎರಡನೆಯ ಮರಳುವಿಕೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಇಂದು ಕರ್ನಾಟಕ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಲ್ಲಿ ಹೊರಗೆ ಹೋಗಿ ಓದುವ ದಲಿತ, ಆದಿವಾಸಿ ಮಕ್ಕಳಿದ್ದಾರೆ. ಮರಳಿ ಬಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ಯಾವ ಜನ’ ಎಂಬ ಪ್ರಶ್ನೆ ಅವರಿಗಾಗಿ ಕಾದಿರುತ್ತದೆ. ಅಂಥ ಮಗಳಿಗೆ ‘ನೀನು ಬದಲಾಗಿಲ್ಲ’ ಎಂದರೆ ಬೈಗುಳವಾದೀತು. ಬದಲಾಗಬೇಕೆಂದೇ ಹೋದವಳು ಅವಳು.

ಅಂಬೇಡ್ಕರ್ ಹೊರಗೆ ಕೂತು ಅಭ್ಯಾಸ ಮಾಡಿದ್ದೂ ಈ ಮನೆಯನ್ನೇ. 1916ರ ಮೇ ತಿಂಗಳಲ್ಲಿ ಕೊಲಂಬಿಯಾದ ಮಾನವಶಾಸ್ತ್ರ ಗೋಷ್ಠಿಯಲ್ಲಿ ಅವರು ಓದಿದ ಪ್ರಬಂಧ ಭಾರತದ ಜಾತಿಗಳ ಹುಟ್ಟು, ರಚನೆಯ ಬಗ್ಗೆ. ಇನ್ನು ಈಚಿನ ಸಂಗತಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು 2022ರಲ್ಲಿ ತಿದ್ದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಇಲ್ಲಿಯ ಸಮಾಜವನ್ನು ಕುರಿತ ಸಂಶೋಧನೆಗೆ ಈ ಹಣ ಸಿಗುವುದಿಲ್ಲ ಎಂದು ಸೇರಿಸಿದರು. ಅವನ್ನೆಲ್ಲ ಇಲ್ಲೇ ಓದಬಹುದು, ಅದಕ್ಕೆ ಹೊರಗೆ ಹೋಗುವುದೇಕೆ ಎಂಬುದು ಕೊಟ್ಟ ಸಮರ್ಥನೆ. ಕೊಲಂಬಿಯಾದ ಆ ಪ್ರಬಂಧದ ವಿಷಯ ಹಿಡಿದು ಇಂದು ಒಬ್ಬ ವಿದ್ಯಾರ್ಥಿ ಅರ್ಜಿ ಹಾಕಿದರೆ, ಆ ನಿಯಮದ ಪ್ರಕಾರ ಅದು ತಿರಸ್ಕೃತವಾಗುತ್ತದೆ.